ಕೇಳಿದ ಪ್ರಶ್ನೆಗಷ್ಟೇ ಉತ್ತರ: ಪ್ರೈಮರ್‌ಗಳು ಸಸ್ಯ ವೈರಸ್‌ಗಳನ್ನು ಗುರುತಿಸುವ ಬಗೆ ಮತ್ತು ಬದಲಾದ ಹೆಸರುಗಳ ಗೊಂದಲ

ಬೆಳೆಗಳ ನಂಜು ರೋಗದ ಬಗ್ಗೆ ಬರುವ ವರದಿಗಳನ್ನು ಓದುವವರಿಗೆ ಈಚಿನ ವರ್ಷಗಳಲ್ಲಿ ಪರಿಚಿತ ಹೆಸರುಗಳ ಜಾಗದಲ್ಲಿ ಅಪರಿಚಿತ ಹೆಸರುಗಳು ಎದುರಾಗುತ್ತಿವೆ. ಟೊಮೆಟೊ ಲೀಫ್ ಕರ್ಲ್ ನ್ಯೂಡೆಲ್ಲಿ ವೈರಸ್ ಎಂದು ಓದುತ್ತಿದ್ದ ಕಡೆ ಬೆಗೊಮೊವೈರಸ್ ಸೊಲಾನಮ್‌ಡೆಲ್ಹಿಯೆನ್ಸೆ ಎಂದಿರುತ್ತದೆ. ಪಪ್ಪಾಯದ ಉಂಗುರ ಚುಕ್ಕೆ ರೋಗಕ್ಕೆ ಪೋಟಿವೈರಸ್ ಪಪಾಯಾನುಲಿ ಕಾರಣ ಎಂದಿರುತ್ತದೆ. ವೈರಸ್ ವಿಜ್ಞಾನವೇ ಹುಟ್ಟಲು ಕಾರಣವಾದ ತಂಬಾಕಿನ ಮೊಸಾಯಿಕ್ ವೈರಸ್ ಕೂಡ ಟೊಬಾಮೊವೈರಸ್ ಟಬಾಸಿ ಆಗಿದೆ. ಇದರ ಜೊತೆಗೇ 'ಹೊಸ ವೈರಸ್ ಪತ್ತೆ' ಎಂಬ ಸುದ್ದಿಗಳೂ ಹೆಚ್ಚಿವೆ. ಒಂದು ಪ್ರಯೋಗಾಲಯ ಸೋಂಕಿದೆ ಎಂದ ಮಾದರಿಯನ್ನು ಇನ್ನೊಂದು ಪ್ರಯೋಗಾಲಯ ಸೋಂಕಿಲ್ಲ ಎಂದದ್ದೂ ಉಂಟು. ಹಾಗಾದರೆ ಹೊಸದಾಗಿ ಬಂದಿರುವುದು ವೈರಸ್ಸೋ, ಹೆಸರೋ, ಅಥವಾ ಅದನ್ನು ನೋಡುವ ಕಣ್ಣೋ?

ಈ ಮೂರೂ ಬೆಳವಣಿಗೆಗಳ ಬೇರು ಒಂದೇ ಕಡೆ ಇದೆ. ಸಸ್ಯ ವೈರಸ್ಸನ್ನು ಎಲೆಯ ಮೇಲಿನ ಚಿಹ್ನೆಯಿಂದ ಗುರುತಿಸುವ ಕಾಲ ಮುಗಿದು, ಅದರ ವಂಶವಾಹಿಯ ಅಕ್ಷರಗಳಿಂದ ಗುರುತಿಸುವ ಕಾಲ ಬಂದಿದೆ. ಆ ಅಕ್ಷರಗಳನ್ನು ಹುಡುಕಲು ಬಳಸುವ ಸಲಕರಣೆಯೇ ಪ್ರೈಮರ್. ಅದು ಎಷ್ಟು ಹೇಳಬಲ್ಲದು, ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಗೊಂದಲದ ಬಹುಭಾಗ ಬಗೆಹರಿಯುತ್ತದೆ.

ಬದಲಾದದ್ದು ಯಾವ ಹೆಸರು?

ವೈರಸ್‌ಗಳ ವರ್ಗೀಕರಣದಲ್ಲಿ ಕೊನೆಯ ಮಾತು 1966ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ವೈರಸ್ ವರ್ಗೀಕರಣ ಸಮಿತಿಯದು. ಪ್ರತಿಯೊಂದು ವೈರಸ್ ಪ್ರಭೇದಕ್ಕೂ ಎರಡು ಪದಗಳ ಹೆಸರು ಇರಬೇಕು, ಮೊದಲನೆಯದು ಕುಲದ ಹೆಸರಾಗಿರಬೇಕು ಎಂದು ಈ ಸಮಿತಿ 2021ರಲ್ಲಿ ನಿಯಮ ಮಾಡಿತು. ಹಳೆಯ ಹೆಸರುಗಳನ್ನೆಲ್ಲ ಹೊಸ ಮಾದರಿಗೆ ತರಲು 2023ರ ಕೊನೆಯನ್ನು ಗಡುವಾಗಿ ಇಟ್ಟಿತು. ಗಿಡಮರಗಳಿಗೂ ಪ್ರಾಣಿಗಳಿಗೂ ಲಿನೀಯಸ್ ಕಾಲದಿಂದ ನಡೆದು ಬಂದಿರುವ ಪದ್ಧತಿಯೇ ಇದು. ವೈರಸ್‌ಗಳಿಗೆ ತಡವಾಗಿ ಬಂತು, ಅಷ್ಟೆ. ಎರಡನೆಯ ಪದ ಲ್ಯಾಟಿನ್ ಆಗಿರಲೇಬೇಕೆಂಬ ಕಟ್ಟುಪಾಡೂ ಇಲ್ಲ. ಸೌತೆಯ ಮೊಸಾಯಿಕ್ ವೈರಸ್ಸಿನ ಪ್ರಭೇದಕ್ಕೆ ಕುಕುಮೊವೈರಸ್ ಸಿಎಂವಿ ಎಂದು ಹಳೆಯ ಹೆಸರಿನ ಮೊದಲಕ್ಷರಗಳನ್ನೇ ಅಂಟಿಸಲಾಗಿದೆ.

ವರದಿಗಳು ಬಿಟ್ಟುಬಿಡುವ ಒಂದು ಸೂಕ್ಷ್ಮ ಇಲ್ಲಿದೆ. ಸಮಿತಿ ಬದಲಿಸಿದ್ದು ಪ್ರಭೇದದ ಹೆಸರನ್ನು ಮಾತ್ರ. ವೈರಸ್ಸಿನ ಬಳಕೆಯ ಹೆಸರನ್ನಲ್ಲ. ಕಾಡಿನಲ್ಲಿ ಓಡಾಡುವುದು ಹುಲಿ. ಪ್ಯಾಂಥೆರಾ ಟೈಗ್ರಿಸ್ ಎಂಬುದು ಹುಲಿಗಳೆಲ್ಲವನ್ನೂ ಒಳಗೊಂಡ ವರ್ಗದ ಹೆಸರು, ಅದು ಯಾರನ್ನೂ ಕಚ್ಚುವುದಿಲ್ಲ. ಹಾಗೆಯೇ ಬಿಳಿನೊಣ ಹೊತ್ತು ತರುವುದು, ಗಿಡದೊಳಗೆ ಹರಡುವುದು, ಎಲೆಯನ್ನು ಮುದುಡಿಸುವುದು ಟೊಮೆಟೊ ಲೀಫ್ ಕರ್ಲ್ ನ್ಯೂಡೆಲ್ಲಿ ವೈರಸ್; ಬೆಗೊಮೊವೈರಸ್ ಸೊಲಾನಮ್‌ಡೆಲ್ಹಿಯೆನ್ಸೆ ಎಂಬುದು ಅದು ಸೇರುವ ಪ್ರಭೇದ. ಹಳೆಯ ಹೆಸರನ್ನು ಬಳಸಿದವರು ತಪ್ಪು ಮಾಡಿದಂತಾಗುವುದಿಲ್ಲ, ಹೊಸ ಹೆಸರು ಕಂಡ ಮಾತ್ರಕ್ಕೆ ಹೊಸ ರೋಗ ಬಂದಂತೆಯೂ ಆಗುವುದಿಲ್ಲ.

ಹೆಸರು ಬದಲಿಸುವ ಒತ್ತಾಯ ಹುಟ್ಟಿದ್ದು ಏಕೆ ಎಂಬುದಕ್ಕೆ ಇದೇ ವೈರಸ್ ಒಳ್ಳೆಯ ಉದಾಹರಣೆ. 1995ರಲ್ಲಿ ಭಾರತದ ಟೊಮೆಟೊದಲ್ಲಿ ವರ್ಣಿತವಾದ್ದರಿಂದ ಅದಕ್ಕೆ ಟೊಮೆಟೊ, ನ್ಯೂಡೆಲ್ಲಿ ಎರಡೂ ಅಂಟಿಕೊಂಡವು. 2012ರಲ್ಲಿ ಅದು ಸ್ಪೇನ್‌ನಲ್ಲಿ ಕಾಣಿಸಿಕೊಂಡಿತು. ಆದರೆ ಅಲ್ಲಿ ಹೊಲ ಹಾಳುಮಾಡಿದ್ದು ಟೊಮೆಟೊದ್ದಲ್ಲ, ಜುಕಿನಿ ಎಂಬ ಕುಂಬಳ ಜಾತಿಯ ಬೆಳೆಯದ್ದು. ಬಳಿಕ ಇಟಲಿ, ಟುನೀಸಿಯಗಳಿಗೂ ಹರಡಿತು. ಅಲ್ಲಿ ಟೊಮೆಟೊವನ್ನು ಅಷ್ಟಾಗಿ ಬಾಧಿಸದ, ದೆಹಲಿಯಿಂದ ಸಾವಿರಾರು ಕಿಲೊಮೀಟರ್ ದೂರದ ವೈರಸ್ಸಿನ ಹೆಸರಿನಲ್ಲಿ ಟೊಮೆಟೊವೂ ದೆಹಲಿಯೂ ಉಳಿದವು. ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್ ಎಂದು ನಮ್ಮ ರಾಜಧಾನಿಯ ಹೆಸರು ಹೊತ್ತ ಇನ್ನೊಂದು ವೈರಸ್ ಕೂಡ ಇದೇ ಕುಲದಲ್ಲಿದೆ. ಚಿಹ್ನೆ, ಬೆಳೆ, ಊರು ಈ ಮೂರನ್ನು ನೆಚ್ಚಿ ಹೆಸರಿಟ್ಟ ಪದ್ಧತಿ ಬೆಗೊಮೊವೈರಸ್ ಕುಲದ 400ಕ್ಕೂ ಹೆಚ್ಚು ಪ್ರಭೇದಗಳ ಭಾರಕ್ಕೆ ಕುಸಿಯತೊಡಗಿತ್ತು.

ಇಪ್ಪತ್ತು ಅಕ್ಷರಗಳ ಗಾಳ

ಪ್ರೈಮರ್ ಎಂದರೆ ಸಾಮಾನ್ಯವಾಗಿ 18ರಿಂದ 25 ಅಕ್ಷರಗಳಷ್ಟು ಉದ್ದದ, ಪ್ರಯೋಗಾಲಯದಲ್ಲಿ ತಯಾರಿಸಿದ ಡಿಎನ್‌ಎ ತುಣುಕು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎ ಅಕ್ಷರಕ್ಕೆ ಟಿ, ಜಿ ಅಕ್ಷರಕ್ಕೆ ಸಿ ಜೊತೆಯಾಗುತ್ತವೆ. ಆದ್ದರಿಂದ ವೈರಸ್ಸಿನ ವಂಶವಾಹಿಯಲ್ಲಿರುವ 20 ಅಕ್ಷರಗಳ ಒಂದು ಸಾಲಿಗೆ ಜೊತೆಯಾಗುವಂತೆ ಪ್ರೈಮರ್ ಬರೆದರೆ ಅದು ಹೋಗಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ನಾಲ್ಕು ಅಕ್ಷರಗಳಿಂದ 20 ಅಕ್ಷರಗಳ ಸಾಲುಗಳನ್ನು ಸುಮಾರು 1.1 ಲಕ್ಷ ಕೋಟಿ ಬಗೆಗಳಲ್ಲಿ ಕಟ್ಟಬಹುದು. ಹೀಗಾಗಿ ಸರಿಯಾಗಿ ಆರಿಸಿದ ಸಾಲು ಗಿಡದ ಸ್ವಂತ ಡಿಎನ್‌ಎಯಲ್ಲಿ ಆಕಸ್ಮಿಕವಾಗಿ ಸಿಗುವ ಸಂಭವ ಬಹಳ ಕಡಿಮೆ. ನಿಖರತೆಯ ಗುಟ್ಟು ಇರುವುದು ಇಲ್ಲಿಯೇ.

ಒಂದು ಪ್ರೈಮರ್ ಬಲಗಡೆಗೆ, ಇನ್ನೊಂದು ಎಡಗಡೆಗೆ ಮುಖ ಮಾಡಿ ಜೋಡಿಯಾಗಿ ಕೆಲಸ ಮಾಡುತ್ತವೆ. ಮಾದರಿಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆಗಳು ಬಿಡಿಯಾಗುತ್ತವೆ. 50ರಿಂದ 60 ಡಿಗ್ರಿಗೆ ಇಳಿಸಿದಾಗ ಪ್ರೈಮರ್‌ಗಳು ತಮ್ಮ ಜಾಗ ಹುಡುಕಿ ಅಂಟುತ್ತವೆ. 72 ಡಿಗ್ರಿಯಲ್ಲಿ ಒಂದು ಕಿಣ್ವ ಅವುಗಳ ತುದಿಯಿಂದ ಆರಂಭಿಸಿ ನಡುವಿನ ಭಾಗದ ಪ್ರತಿ ಮಾಡುತ್ತದೆ. ಪ್ರತಿ ಸುತ್ತಿಗೂ ಪ್ರತಿಗಳು ಇಮ್ಮಡಿಯಾದರೆ 30 ಸುತ್ತುಗಳಲ್ಲಿ ಒಂದು ತುಣುಕು ಲೆಕ್ಕದ ಪ್ರಕಾರ 107 ಕೋಟಿಗೂ ಮಿಕ್ಕುತ್ತದೆ. ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಕೊಂಡ, 1993ರ ರಸಾಯನ ವಿಜ್ಞಾನದ ನೊಬೆಲ್ ತಂದುಕೊಟ್ಟ ಈ ವಿಧಾನವನ್ನೇ ಪಿಸಿಆರ್ ಎನ್ನುವುದು. ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿಪಿಸಿಆರ್‌ನ ಮೊದಲ ಎರಡು ಅಕ್ಷರಗಳಿಗೆ ಸಸ್ಯಗಳಲ್ಲಿ ಇನ್ನೂ ಹೆಚ್ಚಿನ ಮಹತ್ವವಿದೆ. ಬಹುಪಾಲು ಸಸ್ಯ ವೈರಸ್‌ಗಳ ವಂಶವಾಹಿ ಆರ್‌ಎನ್‌ಎಯಿಂದ ಆದದ್ದು; ಅದನ್ನು ಮೊದಲು ಡಿಎನ್‌ಎಗೆ ನಕಲು ಮಾಡಿಕೊಳ್ಳದೆ ಪಿಸಿಆರ್ ಸಾಧ್ಯವಿಲ್ಲ.

ಇದಕ್ಕೂ ಮುಂಚೆ ಪ್ರಯೋಗಾಲಯಗಳು ನೆಚ್ಚಿದ್ದು 1977ರಿಂದ ಸಸ್ಯ ವೈರಸ್‌ಗಳಿಗೆ ಬಳಕೆಗೆ ಬಂದ ಎಲೈಸಾ ಪರೀಕ್ಷೆಯನ್ನು. ಅದು ವೈರಸ್ಸಿನ ಹೊರಕವಚದ ಪ್ರೊಟೀನನ್ನು ಪ್ರತಿಕಾಯದ ಮೂಲಕ ಹಿಡಿಯುತ್ತದೆ. ಅಗ್ಗ, ಒಮ್ಮೆಗೇ ನೂರಾರು ಎಲೆಗಳಿಗೆ ಮಾಡಬಹುದು, ಇಂದಿಗೂ ಬಳಕೆಯಲ್ಲಿದೆ. ಆದರೆ ಹೊರಕವಚ ಒಂದೇ ತೆರನಾಗಿದ್ದು ಒಳಗಿನ ಬರಹ ಬೇರೆಯಾಗಿರುವ ವೈರಸ್‌ಗಳನ್ನು ಅದು ಬೇರ್ಪಡಿಸಲಾರದು.

ಎಲ್ಲಕ್ಕೂ ಒಂದೇ ಪ್ರೈಮರ್ ಏಕಿಲ್ಲ?

ಇಷ್ಟು ನಿಖರವಾದ ಸಲಕರಣೆ ಇದ್ದೂ ಯಾವ ವೈರಸ್ ಎಂದು ಒಂದೇ ಪರೀಕ್ಷೆಯಲ್ಲಿ ಹೇಳಲಾಗದು ಏಕೆ? ಅಡಿಕೆಯ ಹಳದಿ ಎಲೆ ರೋಗವನ್ನು ಪಕ್ಕದಲ್ಲಿಟ್ಟು ನೋಡಿದರೆ ಕಾರಣ ತಿಳಿಯುತ್ತದೆ. ಸುಳ್ಯ, ಕೊಪ್ಪ, ಶೃಂಗೇರಿ ಕಡೆಯ ತೋಟಗಳನ್ನು ದಶಕಗಳಿಂದ ಕಾಡುತ್ತಿರುವ ಈ ರೋಗಕ್ಕೆ ನಮ್ಮಲ್ಲಿ ಕಾರಣವೆಂದು ಗುರುತಿಸಿರುವುದು ಫೈಟೊಪ್ಲಾಸ್ಮಾ ಎಂಬ, ಕೋಶಭಿತ್ತಿ ಇಲ್ಲದ ಬ್ಯಾಕ್ಟೀರಿಯಾವನ್ನು. ಬ್ಯಾಕ್ಟೀರಿಯಾಗಳೆಲ್ಲಕ್ಕೂ 16ಎಸ್ ಎಂಬ ಒಂದು ಸಮಾನ ವಂಶವಾಹಿ ಇದೆ. ಅದರ ಬದಲಾಗದ ಭಾಗಗಳಿಗೆ ಪ್ರೈಮರ್ ಬರೆದರೆ ಜಗತ್ತಿನ ಯಾವ ಫೈಟೊಪ್ಲಾಸ್ಮಾವನ್ನಾದರೂ ಹಿಡಿಯಬಹುದು. ನಡುವಿನ ಬದಲಾಗುವ ಭಾಗವನ್ನು ಓದಿ ಯಾವ ಗುಂಪಿನದ್ದು ಎಂದೂ ಹೇಳಬಹುದು. ವೈರಸ್‌ಗಳಲ್ಲಿ ಇಂಥ ಸರ್ವಸಮಾನ ವಂಶವಾಹಿ ಇಲ್ಲವೇ ಇಲ್ಲ. ಅವು ಒಂದೇ ಪೂರ್ವಜನಿಂದ ಕವಲೊಡೆದ ಕುಟುಂಬವಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಮೂಲದಿಂದ ಹುಟ್ಟಿದ ಹಲವು ವಂಶಗಳು.

ಆದ್ದರಿಂದ ವಿಜ್ಞಾನಿಗಳು ನಡುದಾರಿ ಹಿಡಿದರು. ಇಡೀ ವೈರಸ್ ಲೋಕಕ್ಕಲ್ಲ, ಒಂದೊಂದು ಕುಲಕ್ಕೆ ಒಂದೊಂದು ಸಾಮಾನ್ಯ ಪ್ರೈಮರ್ ಜೋಡಿ. ಪಪ್ಪಾಯ, ಆಲೂಗಡ್ಡೆ ವೈರಸ್‌ಗಳು ಸೇರುವ ಪೋಟಿವೈರಸ್ ಕುಲದಲ್ಲಿ ಹೊರಕವಚದ ಪ್ರೊಟೀನಿನ ಕೆಲವು ತುಣುಕುಗಳು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗದೆ ಉಳಿದಿವೆ. ಬದಲಾದರೆ ವೈರಸ್ಸಿಗೇ ಉಳಿಗಾಲವಿಲ್ಲದಂಥ ಜಾಗಗಳವು. ಬೆಗೊಮೊವೈರಸ್‌ಗಳ ಉಂಗುರಾಕಾರದ ಡಿಎನ್‌ಎಯಲ್ಲಿಯೂ ಅಂಥ ನೆಲೆಗಳಿವೆ. 1990ರ ದಶಕದಲ್ಲಿ ಅವುಗಳಿಗೆ ಬರೆದ ಸಾಮಾನ್ಯ ಪ್ರೈಮರ್‌ಗಳನ್ನು ಇಂದಿಗೂ ಭಾರತದ ಪ್ರಯೋಗಾಲಯಗಳು ಬಳಸುತ್ತಿವೆ. ಹೀಗೆ ಬರೆಯುವಾಗ ಕೆಲವು ಸ್ಥಾನಗಳಲ್ಲಿ ಒಂದೇ ಅಕ್ಷರ ಇಡದೆ ಎರಡು ಅಥವಾ ಮೂರು ಅಕ್ಷರಗಳ ಸಾಧ್ಯತೆಗಳನ್ನು ಬೆರೆಸಿದ ಮಿಶ್ರಣವನ್ನು ತಯಾರಿಸುತ್ತಾರೆ. ಗಾಳಕ್ಕಿಂತ ಇದು ಬಲೆಗೆ ಹತ್ತಿರ. ಬಲೆ ಅಗಲವಾದಷ್ಟೂ ಹೆಚ್ಚು ಬಗೆಯ ಮೀನು ಸಿಗುತ್ತವೆ, ಜೊತೆಗೆ ಬೇಡದ ಕಸವೂ ಬರುತ್ತದೆ.

ಅಡಿಕೆಯ ಉದಾಹರಣೆಯಲ್ಲಿ ಇನ್ನೊಂದು ತಿರುವೂ ಇದೆ. ಚೀನಾದ ಹೈನಾನ್ ದ್ವೀಪದ ಅಡಿಕೆ ತೋಟಗಳಲ್ಲಿಯೂ ಹಳದಿ ಎಲೆ ರೋಗವಿದೆ. ಅಲ್ಲಿನ ಸಂಶೋಧಕರು ಅದರೊಡನೆ ಅಡಿಕೆಯ ವೆಲರಿವೈರಸ್ ಎಂಬ ವೈರಸ್ಸಿನ ನಂಟನ್ನು ತೋರಿಸಿದ್ದಾರೆ. ಒಂದೇ ಹೆಸರಿನ, ಒಂದೇ ತೋರಿಕೆಯ ರೋಗ, ಶಂಕಿತ ಕಾರಣ ಎರಡು. ಫೈಟೊಪ್ಲಾಸ್ಮಾದ ಪ್ರೈಮರ್ ಮಾತ್ರ ಇಟ್ಟುಕೊಂಡು ಕುಳಿತ ಪ್ರಯೋಗಾಲಯಕ್ಕೆ ವೆಲರಿವೈರಸ್ ಎಂದೂ ಕಾಣದು. ಪ್ರೈಮರ್ 'ಈ ಎಲೆಯಲ್ಲಿ ಏನಿದೆ?' ಎಂಬ ಪ್ರಶ್ನೆಗೆ ಉತ್ತರಿಸುವುದಿಲ್ಲ. 'ನಾನು ಹುಡುಕುವ ಸಾಲು ಇಲ್ಲಿದೆಯೇ?' ಎಂಬುದಕ್ಕಷ್ಟೇ ಉತ್ತರಿಸುತ್ತದೆ.

ಕಟ್ಟೆ, ಕೊಕ್ಕೆ ಕಂದು, ಗೊಡ್ಡು ರೋಗ

ಬೆಳೆಗಾರರ ಕಣ್ಣಿನ ವರ್ಗೀಕರಣ ಕೆಲವೊಮ್ಮೆ ಬೆರಗು ಹುಟ್ಟಿಸುವಷ್ಟು ಸರಿಯಾಗಿರುತ್ತದೆ. ಮಲೆನಾಡಿನ ಏಲಕ್ಕಿ ಬೆಳೆಗಾರರು ಎಲೆಯ ಮೇಲೆ ತಿಳಿಹಸಿರು ಗೀರು ಮೂಡಿ ಮಟ್ಟಿ ಕುಗ್ಗುವ ರೋಗಕ್ಕೆ ಕಟ್ಟೆ ಎಂದರು. ಎಳೆಯ ಎಲೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂದು (ಮರಿಗಿಡ) ಕೊಕ್ಕೆಯಂತೆ ಬಾಗುವ ರೋಗಕ್ಕೆ ಕೊಕ್ಕೆ ಕಂದು ಎಂದರು. ಎರಡೂ ಹೆಸರುಗಳು ಇಂಗ್ಲಿಷ್ ಸಂಶೋಧನಾ ಪ್ರಬಂಧಗಳಲ್ಲಿ ಕನ್ನಡದ ರೂಪದಲ್ಲಿಯೇ ಉಳಿದಿವೆ. ಬಹುಕಾಲದ ನಂತರ ವಂಶವಾಹಿ ಓದಿದಾಗ ಕಟ್ಟೆಯ ವೈರಸ್ ಪೋಟಿವೈರಸ್‌ಗಳ ಕುಟುಂಬದ ಮಾಕ್ಲುರಾವೈರಸ್ ಕುಲದ್ದೆಂದೂ, ಕೊಕ್ಕೆ ಕಂದಿನದು ಅದಕ್ಕೆ ಯಾವ ಸಂಬಂಧವೂ ಇಲ್ಲದ ನ್ಯೂಕ್ಲಿಯೊರಾಬ್ಡೊವೈರಸ್ ಎಂದೂ ಗೊತ್ತಾಯಿತು. ಬೆಳೆಗಾರರು ಎಳೆದ ಗೆರೆಯ ಮೇಲೆಯೇ ಪ್ರೈಮರ್ ಕೂಡ ಗೆರೆ ಎಳೆಯಿತು.

ಕಲಬುರಗಿ ಸೀಮೆಯ ತೊಗರಿಯಲ್ಲಿ ಕಥೆ ಬೇರೆ. ಗಿಡ ಸೊಂಪಾಗಿ ಬೆಳೆದೂ ಹೂ ಬಿಡದೆ ನಿಲ್ಲುವುದರಿಂದ ಅದಕ್ಕೆ ಗೊಡ್ಡು ರೋಗ ಎಂಬ ಹೆಸರು ಬಂತು. 1931ರಲ್ಲಿಯೇ ಬಿಹಾರದ ಪೂಸಾದಿಂದ ವರ್ಣಿತವಾದ ಈ ರೋಗವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುತ್ತದೆ ಎಂಬುದು ತಿಳಿದಿದ್ದರೂ ರೋಗಕಾರಕ ಏಳು ದಶಕ ಕೈಗೆ ಸಿಗಲಿಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹಯೋಗಿಗಳೂ ಈ ಶತಮಾನದ ಆರಂಭದಲ್ಲಿ ವೈರಸ್ಸನ್ನು ಬೇರ್ಪಡಿಸಿ, ಅದರ ಆಧಾರದ ಮೇಲೆ ಪರೀಕ್ಷೆಗಳನ್ನು ರೂಪಿಸಿದರು. ಅಲ್ಲಿಗೆ ಪ್ರಕರಣ ಮುಗಿಯಿತು ಎನ್ನುವಷ್ಟರಲ್ಲಿ, ಸುಮಾರು ಹತ್ತು ವರ್ಷಗಳ ಬಳಿಕ, ಗೊತ್ತಿರುವ ಸಾಲನ್ನು ಹುಡುಕದೆ ಗಿಡದಲ್ಲಿರುವ ಎರಡೆಳೆಯ ಆರ್‌ಎನ್‌ಎಯನ್ನೆಲ್ಲ ಓದುವ ವಿಧಾನ ಬಳಸಿದಾಗ ಅದೇ ರೋಗದ ಗಿಡಗಳಲ್ಲಿ ಎಮಾರಾವೈರಸ್ ಕುಲದ ಎರಡನೆಯ ವೈರಸ್ ಸಿಕ್ಕಿತು. ಮೊದಲನೆಯದರ ಸಾಲಿಗೆಂದೇ ಬರೆದ ಪ್ರೈಮರ್ ಎರಡನೆಯದನ್ನು ಹಿಡಿಯಬೇಕೆಂದೇನೂ ಇಲ್ಲ.

ಇದರ ಪರಿಣಾಮ ಹೆಸರಿಗಷ್ಟೇ ನಿಲ್ಲುವುದಿಲ್ಲ. ತೊಗರಿಯ ಒಂದು ತಳಿ ಒಂದೂರಿನಲ್ಲಿ ರೋಗ ತಡೆದು ಇನ್ನೊಂದೂರಿನಲ್ಲಿ ಸೋಲುವುದು ತಳಿ ವಿಜ್ಞಾನಿಗಳಿಗೆ ಹಳೆಯ ತಲೆನೋವು. ಅದನ್ನು ಒಂದೇ ವೈರಸ್ಸಿನ ವಿವಿಧ ಬಗೆಗಳ ಆಟ ಎಂದು ತಿಳಿದಿದ್ದ ಜಾಗದಲ್ಲಿ ಎರಡು ಪ್ರಭೇದಗಳಿದ್ದರೆ, ತಳಿಯ ಪರೀಕ್ಷೆಯನ್ನು ಎರಡಕ್ಕೂ ಬೇರೆ ಬೇರೆಯಾಗಿ ಮಾಡಬೇಕಾಗುತ್ತದೆ.

ಗುರುತಿಸುವುದು ಬೇರೆ, ವರ್ಗೀಕರಿಸುವುದು ಬೇರೆ

ಪ್ರೈಮರ್ ಒಂದು ತುಣುಕನ್ನು ಹೆಚ್ಚಿಸಿಕೊಟ್ಟ ಮಾತ್ರಕ್ಕೆ ವರ್ಗೀಕರಣ ಆಗುವುದಿಲ್ಲ. ಆ ತುಣುಕಿನ ಅಕ್ಷರಗಳನ್ನು ಓದಿ, ದಾಖಲೆಯಲ್ಲಿರುವ ಇತರ ವೈರಸ್‌ಗಳ ಜೊತೆ ಹೋಲಿಸಿ, ಎಷ್ಟು ಹೋಲಿಕೆ ಇದ್ದರೆ ಒಂದೇ ಪ್ರಭೇದ ಎಂದು ಮೊದಲೇ ಒಪ್ಪಿಕೊಂಡ ಗೆರೆಯೊಂದಿಗೆ ಅಳೆಯಬೇಕು. ಬೆಗೊಮೊವೈರಸ್‌ಗಳಿಗೆ 2015ರಿಂದ ಆ ಗೆರೆ ಶೇ 91. ಡಿಎನ್‌ಎ-ಎ ಎಂಬ ಘಟಕವನ್ನು ಪೂರ್ತಿಯಾಗಿ ಓದಿ ಹೋಲಿಸಿದಾಗ ಗೊತ್ತಿರುವ ಯಾವ ಪ್ರಭೇದದ ಜೊತೆಗೂ ಹೋಲಿಕೆ ಶೇ 91ನ್ನು ಮುಟ್ಟದಿದ್ದರೆ ಅದು ಹೊಸ ಪ್ರಭೇದ. ಮುಟ್ಟಿಯೂ ಶೇ 94ರ ಒಳಗಿದ್ದರೆ ಅದೇ ಪ್ರಭೇದದ ಬೇರೆ ಬಗೆ. ಸುಮಾರು 2,700 ಅಕ್ಷರಗಳ ಆ ಉಂಗುರದಲ್ಲಿ 243 ಅಕ್ಷರಗಳ ವ್ಯತ್ಯಾಸದ ಆಸುಪಾಸಿನಲ್ಲಿ ಪ್ರಭೇದದ ಗಡಿ ಬರುತ್ತದೆ. ಈ ಗೆರೆ ಹಿಂದೆ ಶೇ 89ರಲ್ಲಿತ್ತು. ಅಂದರೆ ಗಡಿ ನಿಸರ್ಗ ಹಾಕಿದ್ದಲ್ಲ. ಹೋಲಿಕೆಯ ಪಟ್ಟಿಯಲ್ಲಿ ಎಲ್ಲಿ ಹೆಚ್ಚು ಖಾಲಿ ಜಾಗ ಕಾಣುತ್ತದೆಯೋ ಅಲ್ಲಿ ತಜ್ಞರು ನೆಟ್ಟ ಬೇಲಿಕಂಬ. ಪೋಟಿವೈರಸ್‌ಗಳಿಗೆ ಬೇಲಿಕಂಬ ಬೇರೆಯೇ ಕಡೆ, ಸುಮಾರು ಶೇ 76ರಲ್ಲಿದೆ.

ಸಾಮಾನ್ಯ ಪ್ರೈಮರ್‌ಗಳ ಮೇಲಿನ ಗಂಭೀರ ಆಕ್ಷೇಪ ಹುಟ್ಟುವುದು ಇಲ್ಲಿಯೇ. ಬೆಗೊಮೊವೈರಸ್‌ಗಳಿಗೆ ಹೆಚ್ಚಾಗಿ ಬಳಸುವ ಒಂದು ಜೋಡಿ ಹೊರಕವಚದ ವಂಶವಾಹಿಯಿಂದ ಸುಮಾರು 530 ಅಕ್ಷರಗಳ ತುಣುಕನ್ನಷ್ಟೇ ತೆಗೆದುಕೊಡುತ್ತದೆ. ಇಡೀ ಉಂಗುರದಲ್ಲಿ ಬದಲಾವಣೆ ಕಡಿಮೆ ಇರುವ ಭಾಗವೇ ಅದು. ಜೊತೆಗೆ, ಒಂದೇ ಗಿಡದಲ್ಲಿ ಎರಡು ಬೆಗೊಮೊವೈರಸ್‌ಗಳು ಕೂಡಿದಾಗ ಅವು ತಮ್ಮ ಡಿಎನ್‌ಎಯ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದು ಸಾಮಾನ್ಯ. ಬಾಗಿಲು ಒಂದು ಮನೆಯದು, ಅಡುಗೆಕೋಣೆ ಇನ್ನೊಂದು ಮನೆಯದು ಎಂಬಂಥ ಈ ಬೆರಕೆ ವೈರಸ್ಸನ್ನು ಬಾಗಿಲು ನೋಡಿ ಹೆಸರಿಸಿದರೆ ಅರ್ಧ ಸತ್ಯವೂ ಹೊರಬರುವುದಿಲ್ಲ. ಆದ್ದರಿಂದಲೇ 2004ರಿಂದೀಚೆಗೆ, ಯಾವ ಸಾಲನ್ನೂ ಗುರಿಯಾಗಿಸದ ಪುಟ್ಟ ಯಾದೃಚ್ಛಿಕ ಪ್ರೈಮರ್‌ಗಳನ್ನು ಫೈ29 ಎಂಬ ಕಿಣ್ವದೊಡನೆ ಬಳಸಿ ಇಡೀ ಉಂಗುರವನ್ನೇ ಹೆಚ್ಚಿಸುವ ವಿಧಾನ ಜನಪ್ರಿಯವಾಯಿತು. ಸಣ್ಣ ತುಣುಕಿನ ಆಧಾರದ ಮೇಲೆ 'ಹೊಸ ವೈರಸ್' ಎಂದು ಪ್ರಕಟವಾಗುವ ಸುದ್ದಿಯನ್ನು ತುಸು ಅನುಮಾನದಿಂದಲೇ ಓದುವುದು ಲೇಸು.

ಪೂರ್ಣ ವಂಶವಾಹಿ ಓದಿದರೂ ಎಲ್ಲವೂ ತಿಳಿಯುವುದಿಲ್ಲ ಎಂಬುದಕ್ಕೆ ಪಪ್ಪಾಯ ಸಾಕ್ಷಿ. ಪಪ್ಪಾಯ ಉಂಗುರ ಚುಕ್ಕೆ ವೈರಸ್ಸಿನ ಪಿ ಬಗೆ ಪಪ್ಪಾಯಕ್ಕೂ ಸೌತೆ, ಕುಂಬಳದ ಜಾತಿಗಳಿಗೂ ತಗಲುತ್ತದೆ. ಡಬ್ಲ್ಯು ಬಗೆ ಕುಂಬಳದ ಜಾತಿಗಳಿಗಷ್ಟೇ. ಪ್ರಭೇದ ಒಂದೇ, ಹೆಸರು ಒಂದೇ, ಎಲೈಸಾದಲ್ಲಿಯೂ ಎರಡೂ ಒಂದೇ. ಪಪ್ಪಾಯ ಬೆಳೆಗಾರನಿಗೆ ಬೇಕಾದ ಏಕೈಕ ವ್ಯತ್ಯಾಸ ಪ್ರಭೇದದ ಹೆಸರಿನಲ್ಲಿ ಇಲ್ಲ.

ವೈರಸ್ ಇಲ್ಲದೆಯೂ ಇದೆ ಎನ್ನುವ ಬಾಳೆ

ಪ್ರೈಮರ್ ಸರಿಯಾಗಿದ್ದು, ಪ್ರಯೋಗಾಲಯ ಶುದ್ಧವಾಗಿದ್ದು, ಫಲಿತಾಂಶವೂ ಖಚಿತವಾಗಿದ್ದು, ತೀರ್ಮಾನ ಮಾತ್ರ ತಪ್ಪಾಗುವ ಒಂದು ಸಂದರ್ಭ ಬಾಳೆಯಲ್ಲಿದೆ. ಅಂಗಾಂಶ ಕೃಷಿಯ ಬಾಳೆ ಸಸಿಗಳಿಗೆ ದೇಶದಲ್ಲಿ 2006ರಿಂದ ಪ್ರಮಾಣೀಕರಣ ವ್ಯವಸ್ಥೆಯಿದೆ. ತಾಯಿಗಿಡದಲ್ಲಿ ಬಂಚಿ ಟಾಪ್, ಬ್ರ್ಯಾಕ್ಟ್ ಮೊಸಾಯಿಕ್, ಸೌತೆ ಮೊಸಾಯಿಕ್, ಸ್ಟ್ರೀಕ್ ವೈರಸ್‌ಗಳಿಲ್ಲ ಎಂದು ಪರೀಕ್ಷಿಸುವುದು ಅದರ ಭಾಗ. ಮೊದಲ ಮೂರರಲ್ಲಿ ತೊಡಕು ಕಡಿಮೆ. ಸ್ಟ್ರೀಕ್ ವೈರಸ್ಸಿನದೇ ಬೇರೆ ಕಥೆ.

ಇಂದಿನ ಬಾಳೆ ತಳಿಗಳು ಎರಡು ಕಾಡುಬಾಳೆಗಳ ಮಕ್ಕಳು: ಎ ಎಂದು ಗುರುತಿಸುವ ಮ್ಯೂಸಾ ಅಕ್ಯುಮಿನೇಟ, ಬಿ ಎಂದು ಗುರುತಿಸುವ ಮ್ಯೂಸಾ ಬಾಲ್ಬಿಸಿಯಾನ. ಬಿ ಪೂರ್ವಜನ ಡಿಎನ್‌ಎಯೊಳಗೆ ಎಷ್ಟೋ ಹಿಂದೆ ಸ್ಟ್ರೀಕ್ ವೈರಸ್ಸಿನ ಬರಹ ಸೇರಿಹೋಗಿದೆ ಎಂದು 1999ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಕ್ಯಾವೆಂಡಿಷ್ ಗುಂಪಿನ ಪಚ್ಚಬಾಳೆಯಲ್ಲಿ ಬಿ ಅಂಶ ಇಲ್ಲ. ನಮ್ಮ ಏಲಕ್ಕಿ ಬಾಳೆಯಲ್ಲಿಯೂ ನಂಜನಗೂಡು ರಸಬಾಳೆಯಲ್ಲಿಯೂ ಇದೆ. ಬಿ ಅಂಶವಿರುವ ಗಿಡದ ಒಟ್ಟು ಡಿಎನ್‌ಎಯನ್ನು ತೆಗೆದು ಸ್ಟ್ರೀಕ್ ವೈರಸ್ಸಿನ ಪ್ರೈಮರ್ ಹಾಕಿದರೆ, ಗಿಡದಲ್ಲಿ ಒಂದೇ ಒಂದು ವೈರಸ್ ಕಣ ಇಲ್ಲದಿದ್ದರೂ ಫಲಿತಾಂಶ 'ಇದೆ' ಎಂದು ಬರಬಹುದು. ಪ್ರೈಮರ್ ಸುಳ್ಳು ಹೇಳಿಲ್ಲ. ತಾನು ಹುಡುಕುವ ಸಾಲು ಅಲ್ಲಿರುವುದು ನಿಜ. ಆದರೆ ಅದು ಗಿಡದ್ದೇ ಆಸ್ತಿ.

ಇದಕ್ಕೆ ಪರಿಹಾರವೂ ಇದೆ. ಮೊದಲು ಪ್ರತಿಕಾಯದಿಂದ ಪೂರ್ಣ ವೈರಸ್ ಕಣಗಳನ್ನು ಹಿಡಿದು, ಗಿಡದ ಡಿಎನ್‌ಎಯನ್ನು ತೊಳೆದು ಹಾಕಿ, ಬಳಿಕ ಕಣದೊಳಗಿನ ಡಿಎನ್‌ಎಗೆ ಮಾತ್ರ ಪಿಸಿಆರ್ ಮಾಡಬೇಕು. ಆದರೂ ತೊಡಕು ಪೂರ್ತಿ ಮುಗಿಯದು, ಏಕೆಂದರೆ ಗಿಡದ ಡಿಎನ್‌ಎಯಲ್ಲಿ ಅಡಗಿದ ಈ ಬರಹಗಳಲ್ಲಿ ಕೆಲವು ಅಂಗಾಂಶ ಕೃಷಿಯಂಥ ಒತ್ತಡದಲ್ಲಿ ಎಚ್ಚೆತ್ತು ನಿಜವಾದ ವೈರಸ್ಸನ್ನು ಹುಟ್ಟಿಸಬಲ್ಲವು. ಇಂದು ಶುದ್ಧ ಎಂದು ಪ್ರಮಾಣಪತ್ರ ಪಡೆದ ತಾಯಿಗಿಡದ ಸಸಿ ನಾಳೆ ಯಾವ ಕೀಟದ ನೆರವೂ ಇಲ್ಲದೆ ಸೋಂಕು ತೋರಿಸಬಹುದು. ಆಗ ಹೊಣೆ ಸಸಿ ಮಾರಿದವರದೋ, ಪರೀಕ್ಷಿಸಿದವರದೋ, ಬಾಳೆಯ ವಂಶದ್ದೋ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಸರಳ ಉತ್ತರವಿಲ್ಲ.

ಬೀಜದ ವ್ಯಾಪಾರದಲ್ಲಿ ಒಂದು ಅಂಕಿಯ ಜಗಳ

ಪ್ರೈಮರ್‌ನ ಉತ್ತರಕ್ಕೆ ಹಣದ ಬೆಲೆ ಬಂದಿರುವುದು ಟೊಮೆಟೊ ಮತ್ತು ಮೆಣಸಿನಕಾಯಿ ಬೀಜದಲ್ಲಿ. ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ 2014ರಲ್ಲಿ ಇಸ್ರೇಲ್‌ನಲ್ಲಿ, 2015ರಲ್ಲಿ ಜೋರ್ಡಾನ್‌ನಲ್ಲಿ ಕಾಣಿಸಿಕೊಂಡಿತು. ಟೊಮೆಟೊ ತಳಿಗಳನ್ನು ದಶಕಗಳಿಂದ ಕಾಪಾಡಿದ್ದ ನಿರೋಧಕ ವಂಶವಾಹಿಯನ್ನು ಅದು ಮೀರಿತು. ಕೈ, ಕತ್ತರಿ, ಬಟ್ಟೆ, ಬೀಜದ ಸಿಪ್ಪೆ ಎಲ್ಲದರ ಮೂಲಕವೂ ಹರಡುವ ಗಟ್ಟಿ ಕಣ ಇದು. ಐರೋಪ್ಯ ಒಕ್ಕೂಟ 2019ರ ನವೆಂಬರ್‌ನಿಂದ ತುರ್ತು ನಿರ್ಬಂಧ ಹೇರಿತು. 2025ರ ಜನವರಿಯಿಂದ ಈ ವೈರಸ್ಸನ್ನು ಗಡಿಯಲ್ಲಿ ತಡೆಯುವ ಕ್ವಾರಂಟೈನ್ ಪಟ್ಟಿಯಿಂದ ತೆಗೆದು, ಬೀಜ ಮತ್ತು ಸಸಿಗಳ ಮಟ್ಟಿಗೆ ನಿಯಂತ್ರಿಸುವ ವರ್ಗಕ್ಕೆ ಸೇರಿಸಿತು.

ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರು ಸೀಮೆಗೆ ಈ ನಿರ್ಬಂಧ ದೂರದ ಮಾತಲ್ಲ. ಇಂಥ ಬೀಜ ಗಡಿ ದಾಟಬೇಕಾದರೆ ವೈರಸ್ ಪರೀಕ್ಷೆಯನ್ನೂ ದಾಟಬೇಕು. 3,000 ಬೀಜಗಳ ಮಾದರಿಯನ್ನು ಸಣ್ಣ ಗುಂಪುಗಳಾಗಿ ಅರೆದು, ವೈರಸ್ಸಿನ ಎರಡು ಬೇರೆ ಬೇರೆ ಜಾಗಗಳಿಗೆ ಅಂಟುವ ಪ್ರೈಮರ್‌ಗಳಿಂದ ಪರೀಕ್ಷಿಸುವುದು ಈಗ ರೂಢಿ. ಎಷ್ಟನೆಯ ಸುತ್ತಿನಲ್ಲಿ ಸಂಕೇತ ಮೂಡುತ್ತದೆ ಎಂಬ ಅಂಕಿಯೇ ತೀರ್ಪು. 20ನೆಯ ಸುತ್ತಿನಲ್ಲಿ ಮೂಡಿದರೆ ವೈರಸ್ ಧಾರಾಳವಾಗಿದೆ; 35ನೆಯದರಲ್ಲಿ ಮೂಡಿದರೆ ಎಲ್ಲೋ ಒಂದೆರಡು ತುಣುಕು. ಗೆರೆಯನ್ನು ಎಲ್ಲಿ ಎಳೆಯಬೇಕು?

ಬೀಜ ಉದ್ಯಮದವರ ವಾದ ಹೀಗಿದೆ: ಈ ವೈರಸ್ ಇರುವುದು ಬೀಜದ ಹೊರಸಿಪ್ಪೆಯಲ್ಲಿ, ಭ್ರೂಣದಲ್ಲಲ್ಲ. ಟ್ರೈಸೋಡಿಯಂ ಫಾಸ್ಫೇಟ್ ದ್ರಾವಣದಲ್ಲಿ ತೊಳೆದಾಗ ಅದರ ಸೋಂಕುವ ಶಕ್ತಿ ಹೋಗುತ್ತದೆ, ಆದರೆ ಆರ್‌ಎನ್‌ಎಯ ತುಣುಕುಗಳು ಉಳಿಯಬಹುದು. ಪಿಸಿಆರ್ ಸತ್ತ ವೈರಸ್ಸನ್ನೂ ಸೋಂಕು ತರಬಲ್ಲ ವೈರಸ್ಸನ್ನೂ ಒಂದೇ ರೀತಿ ಎಣಿಸುತ್ತದೆ. ಆದ್ದರಿಂದ ಸಂಶಯವಿದ್ದಾಗ ಬೀಜದ ಸಾರವನ್ನು ನಿಕೋಟಿಯಾನ ಗ್ಲುಟಿನೋಸದಂಥ ಸೂಚಕ ಗಿಡದ ಎಲೆಗೆ ಉಜ್ಜಿ, ಚುಕ್ಕೆ ಬೀಳುತ್ತದೆಯೇ ಎಂದು ನೋಡಿಯೇ ತೀರ್ಮಾನಿಸಬೇಕು. ಸಸ್ಯ ಸಂರಕ್ಷಣಾ ಅಧಿಕಾರಿಗಳ ಉತ್ತರವೂ ತೂಕದ್ದೇ: ಸೂಚಕ ಗಿಡದ ಪರೀಕ್ಷೆ ದಿನಗಟ್ಟಲೆ ತೆಗೆದುಕೊಳ್ಳುತ್ತದೆ, ಸೂಕ್ಷ್ಮತೆ ಕಡಿಮೆ, ಸಾವಿರಾರು ಬೀಜಗಳಲ್ಲಿ ಒಂದೇ ಬೀಜ ಹಸಿರುಮನೆಗೆ ಸೋಂಕು ತಂದರೂ ಕೆಲಸಗಾರರ ಕೈಯಿಂದ ಇಡೀ ಸಾಲಿಗೆ ಹರಡುತ್ತದೆ. ಇಬ್ಬರೂ ಹೇಳುವುದು ನಿಜವೇ. ಆದರೆ ತಪ್ಪು ಎಚ್ಚರಿಕೆಯ ನಷ್ಟ ಒಬ್ಬ ಬೀಜೋತ್ಪಾದಕನ ಮೇಲೆ ಬಿದ್ದರೆ ತಪ್ಪು ಭರವಸೆಯ ನಷ್ಟ ಒಂದು ಪ್ರದೇಶದ ಮೇಲೆಯೇ ಬೀಳುತ್ತದೆ. ಹೀಗಾಗಿ ನಿಯಮ ಮಾಡುವವರು ಬಿಗಿ ಗೆರೆಯ ಕಡೆಗೇ ವಾಲುತ್ತಾರೆ. ಅದು ಮುಂದೆಯೂ ಬದಲಾಗುವಂತೆ ಕಾಣುವುದಿಲ್ಲ.

ಪ್ರೈಮರ್ ಬೇಡವೆನ್ನುವ ಕಾಲ?

ಎಲೆಯಲ್ಲಿರುವ ಎಲ್ಲ ಆರ್‌ಎನ್‌ಎಯನ್ನೂ ಒಮ್ಮೆಗೇ ಓದಿಬಿಡುವ ಯಂತ್ರಗಳಿರುವಾಗ ಪ್ರೈಮರ್‌ನ ಹಂಗೇಕೆ ಎಂದು ಒಂದು ಪಕ್ಷ ಕೇಳುತ್ತದೆ. 2009ರಲ್ಲಿ ಸಿಹಿಗೆಣಸಿನ ಗಿಡಗಳ ಪುಟ್ಟ ಆರ್‌ಎನ್‌ಎಗಳನ್ನು ಓದಿ ಗೊತ್ತಿದ್ದ ಮತ್ತು ಗೊತ್ತಿಲ್ಲದ ವೈರಸ್‌ಗಳೆರಡನ್ನೂ ಹೊರತೆಗೆದಾಗಿನಿಂದ ಈ ದಾರಿ ಅಗಲವಾಗುತ್ತ ಬಂದಿದೆ. ವೈರಸ್ ಕಣವನ್ನು ಯಾರೂ ನೋಡದೆ, ರೋಗ ಹುಟ್ಟಿಸಿ ತೋರಿಸದೆ, ಕೇವಲ ಅಕ್ಷರಗಳ ಸಾಲಿನ ಆಧಾರದ ಮೇಲೆಯೇ ಪ್ರಭೇದವನ್ನು ಒಪ್ಪಬಹುದು ಎಂದು ವರ್ಗೀಕರಣಕಾರರು 2017ರಲ್ಲಿ ಹೇಳಿದ ಮೇಲೆ ಪಟ್ಟಿ ವೇಗವಾಗಿ ಬೆಳೆದು, ಸಮಿತಿ ಅಂಗೀಕರಿಸಿದ ಪ್ರಭೇದಗಳು 14 ಸಾವಿರವನ್ನು ದಾಟಿವೆ.

ಇನ್ನೊಂದು ಪಕ್ಷದ ಆತಂಕ ಇಲ್ಲಿಯೇ ಇದೆ. ಸಾಲು ಸಿಕ್ಕಿತು ಎಂದರೆ ರೋಗ ಸಿಕ್ಕಿತು ಎಂದಲ್ಲ. ಎಷ್ಟೋ ವೈರಸ್‌ಗಳು ಗಿಡಕ್ಕೆ ಯಾವ ತೊಂದರೆಯನ್ನೂ ಕೊಡದೆ ಇರುತ್ತವೆ. ಕೆಲವು ಗಿಡದ ಮೇಲಿನ ಶಿಲೀಂಧ್ರದಲ್ಲೋ ಕೀಟದಲ್ಲೋ ಇದ್ದವಾಗಿರಬಹುದು. ಆಮದು ದೇಶವೊಂದು ಇಂಥ ಸಾಲನ್ನೇ ನೆಪ ಮಾಡಿ ಸರಕು ತಡೆದರೆ, ಆ ವೈರಸ್ ನಿರಪಾಯಕಾರಿ ಎಂದು ಸಾಬೀತು ಮಾಡುವ ಭಾರ ರಫ್ತುದಾರನ ತಲೆಗೆ ಬೀಳುತ್ತದೆ. ಖರ್ಚಿನ ಮಾತೂ ಇದೆ. ಪೂರ್ಣ ಓದಿಗೆ ಯಂತ್ರ, ಗಣಕ ಸಾಮರ್ಥ್ಯ, ಅರ್ಥೈಸಬಲ್ಲ ಪರಿಣತರು ಬೇಕು. ನರ್ಸರಿಯ ಸಾವಿರ ಸಸಿಗಳಿಗೆ ಅದು ನಡೆಯದ ಮಾತು. ಹೀಗಾಗಿ ಕೆಲಸ ಹಂಚಿಹೋಗುವ ಸೂಚನೆ ಸ್ಪಷ್ಟವಾಗಿದೆ: ಅಪರಿಚಿತ ರೋಗ ಬಂದಾಗ ಪೂರ್ಣ ಓದು, ಅದರಿಂದ ಸಿಕ್ಕ ಸಾಲಿಗೆ ಹೊಸ ಪ್ರೈಮರ್, ಆ ಪ್ರೈಮರ್‌ನಿಂದ ದಿನನಿತ್ಯದ ತಪಾಸಣೆ. 60ರಿಂದ 65 ಡಿಗ್ರಿಯ ಒಂದೇ ಶಾಖದಲ್ಲಿ, ನಾಲ್ಕರಿಂದ ಆರು ಪ್ರೈಮರ್‌ಗಳನ್ನು ಒಟ್ಟಿಗೆ ಬಳಸಿ ನಡೆಯುವ ಲ್ಯಾಂಪ್ ಎಂಬ ಪರೀಕ್ಷೆಯನ್ನು ತೋಟದ ಬದಿಯಲ್ಲಿಯೇ ಮಾಡಬಹುದು.

ವರದಿ ಕೈಗೆ ಬಂದಾಗ

ಸದ್ಯದ ಪ್ರಾಯೋಗಿಕ ತೊಡಕು ಇರುವುದು ಕಾಗದದಲ್ಲಿ. ಸಸ್ಯಗಳ ಆಮದನ್ನು ನಿಯಂತ್ರಿಸುವ 2003ರ ಭಾರತದ ಕ್ವಾರಂಟೈನ್ ಆದೇಶವೂ ಇತರ ದೇಶಗಳ ಅಂಥವೇ ಪಟ್ಟಿಗಳೂ ಬರೆಯಲ್ಪಟ್ಟಿದ್ದು ಹಳೆಯ ಹೆಸರುಗಳಲ್ಲಿ. ಸಂಶೋಧನಾ ಪತ್ರಿಕೆಗಳು ಪ್ರಭೇದಕ್ಕೆ ಕೇಳುವುದು ಹೊಸ ಹೆಸರನ್ನು. ಪ್ರಮಾಣಪತ್ರದಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು ಇದ್ದರೆ ಬಂದರಿನ ಅಧಿಕಾರಿ ಸರಕನ್ನು ನಿಲ್ಲಿಸುವುದು ಸಹಜ. ಎರಡೂ ಹೆಸರುಗಳನ್ನು ಒಟ್ಟಿಗೆ ಬರೆಯುವುದು ಇದಕ್ಕೆ ಸುಲಭದ ಮದ್ದು.

'ಸೋಂಕಿಲ್ಲ' ಎಂಬ ಫಲಿತಾಂಶವನ್ನು ಓದುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಾವು, ದ್ರಾಕ್ಷಿಯಂಥ ಎಲೆಗಳ ಫಿನಾಲ್‌ಗಳೂ ಲೋಳೆಯಂಥ ಸಕ್ಕರೆಗಳೂ ಪಿಸಿಆರ್‌ನ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ವೈರಸ್ ಇದ್ದರೂ ಸಂಕೇತ ಮೂಡದು. ಅದಕ್ಕಾಗಿಯೇ ಒಳ್ಳೆಯ ಪ್ರಯೋಗಾಲಯ ಗಿಡದ್ದೇ ಒಂದು ವಂಶವಾಹಿಗೂ ಪ್ರೈಮರ್ ಹಾಕಿ, ಅದು ಮೂಡಿದ ಮೇಲೆಯೇ ವೈರಸ್ ಇಲ್ಲ ಎನ್ನುತ್ತದೆ. ವೈರಸ್ ಗಿಡದ ತುಂಬ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಯಾವ ಎಲೆ ಕಿತ್ತರು ಎಂಬುದೂ ಮುಖ್ಯ. ಎರಡು ಪ್ರಯೋಗಾಲಯಗಳ ವರದಿ ಭಿನ್ನವಾದಾಗ ಒಂದು ಸುಳ್ಳು ಎಂದುಕೊಳ್ಳುವ ಮೊದಲು ಇಬ್ಬರೂ ಯಾವ ಪ್ರೈಮರ್ ಬಳಸಿದರು, ವೈರಸ್ಸಿನ ಯಾವ ಭಾಗಕ್ಕೆ, ಯಾವ ಸುತ್ತಿನವರೆಗೆ, ಗಿಡದ ವಂಶವಾಹಿ ಮೂಡಿತ್ತೇ ಎಂದು ಕೇಳಬೇಕು. ಈ ನಾಲ್ಕು ವಿವರಗಳು ವರದಿಯಲ್ಲಿ ಅಚ್ಚಾಗಿಲ್ಲದಿದ್ದರೆ ಅವನ್ನು ಬರೆಸಿಕೊಂಡ ಮೇಲೆಯೇ ಮಾದರಿಯನ್ನು ಮೂರನೆಯ ಪ್ರಯೋಗಾಲಯಕ್ಕೆ ಕಳಿಸುವುದು ಸರಿ.